ಸೌದೆ ಕೊಯ್ಯಲು ಯಾವ ಚೈನ್‌ಸಾ? ಮಿಷನ್ನಿಗಿಂತ ಮೊದಲು ಹಲ್ಲು ನೋಡಿ

ಶಿವರಾತ್ರಿ ಕಳೆದು ಅಡಿಕೆ ಕೆಲಸ ಒಂದು ಹದಕ್ಕೆ ಬಂತು ಅನ್ನುವಾಗ ಮಲೆನಾಡಿನ ಮನೆಗಳಲ್ಲಿ ಸೌದೆಯ ಚಿಂತೆ ಶುರುವಾಗುತ್ತದೆ. ರೋಹಿಣಿ ಮಳೆ ಹನಿಯುವುದರೊಳಗೆ ಕೊಯ್ದು, ಸೀಳಿ, ಒಣಗಿಸಿ, ಕೊಟ್ಟಿಗೆಯಲ್ಲಿ ಒಟ್ಟಿ ಆಗಬೇಕು. ಬಚ್ಚಲ ಹಂಡೆಗೆ ವರ್ಷವಿಡೀ ಬೆಂಕಿ ಬೇಕು, ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಒಲೆಗೆ ಬೇರೆಯೇ ರಾಶಿ ಬೇಕು. ಮೊದಲೆಲ್ಲ ಕೊಡಲಿ ಹಿಡಿದು ಹದಿನೈದು ದಿನ ಮಾಡುತ್ತಿದ್ದ ಕೆಲಸವನ್ನು ಈಗ ಚೈನ್‌ಸಾ ಎರಡು ಮೂರು ದಿನದಲ್ಲಿ ಮುಗಿಸುತ್ತದೆ. ಹಾಗಾಗಿ ಈ ದಿನಗಳಲ್ಲಿ ನನಗೆ ಬರುವ ಫೋನುಗಳಲ್ಲಿ ಅರ್ಧ ಇದೇ ವಿಷಯದ್ದು.

ಕಳೆದ ವಾರ ಸಾಗರದ ಕಡೆಯಿಂದ ತಂಗಿಯ ಗಂಡ ಫೋನ್ ಮಾಡಿದ್ದರು. "ಭಾವ, ಮೊಬೈಲಲ್ಲಿ 58 ಸಿಸಿ ಮಿಷನ್ ಏಳು ಸಾವಿರಕ್ಕೆ ತೋರಿಸ್ತಾ ಇದೆ. ಪೇಟೆ ಅಂಗಡೀಲಿ ಅದರ ಅರ್ಧ ಸಿಸಿಯದ್ದಕ್ಕೆ ಮೂರು ಪಟ್ಟು ರೇಟು ಹೇಳ್ತಾರೆ. ಇದನ್ನೇ ತಗೊಂಡುಬಿಡ್ಲಾ?"

ನಾನು ಕೇಳಿದ್ದು ಒಂದೇ: "ನಿಮ್ಮಲ್ಲಿ ಚೈನಿಗೆ ಅರ ಹಾಕೋದು ಯಾರಿಗೆ ಬರುತ್ತೆ?"

ಅವರಿಗೆ ಪ್ರಶ್ನೆಯ ತಲೆಬುಡ ತಿಳಿಯಲಿಲ್ಲ. ಆದರೆ ಹನ್ನೆರಡು ವರ್ಷ ಮೂರು ಬಗೆಯ ಮಿಷನ್ ಓಡಿಸಿದ ಮೇಲೆ ನನಗೆ ಖಾತ್ರಿಯಾಗಿರುವ ವಿಷಯ ಇದು. ಮರ ಕೊಯ್ಯುವುದು ಇಂಜಿನ್ನಲ್ಲ, ಚೈನಿನ ಹಲ್ಲು. ಹರಿತವಾದ ಹಲ್ಲಿರುವ 30 ಸಿಸಿ ಮಿಷನ್ನು ಮೊಂಡು ಹಲ್ಲಿನ 58 ಸಿಸಿಗಿಂತ ಬೇಗ ಕೊಯ್ಯುತ್ತದೆ, ಕಡಿಮೆ ಪೆಟ್ರೋಲ್ ಕುಡಿಯುತ್ತದೆ, ತೋಳನ್ನೂ ಉಳಿಸುತ್ತದೆ.

ಟೇಪು ಹಿಡಿದು ರಾಶಿಯ ಹತ್ತಿರ ಹೋಗಿ

ಅಂಗಡಿಗೆ ಹೋಗುವ ಮೊದಲು ನಿಮ್ಮ ಸೌದೆ ರಾಶಿಯನ್ನು ಅಳೆಯಿರಿ. ನಮ್ಮ ರಾಶಿಯಲ್ಲಿ ಹತ್ತು ದಿಮ್ಮಿಗೆ ಎಂಟು ಹತ್ತಿಂಚಿನೊಳಗೇ ಇರುತ್ತವೆ: ಅಕೇಶಿಯಾ, ಸಿಲ್ವರ್ ಮರದ ಕೊಂಬೆ, ಗಾಳಿಗೆ ಮುರಿದ ಹಲಸಿನ ರೆಂಬೆ, ಒಣಗಿದ ಗೇರು. ಇದಕ್ಕೆ 14 ಅಥವಾ 16 ಇಂಚಿನ ಬಾರ್ (ಚೈನು ಸುತ್ತುವ ಉದ್ದನೆಯ ಪಟ್ಟಿ) ಧಾರಾಳ. ಮರದ ದಪ್ಪಕ್ಕಿಂತ ಬಾರ್ ಎರಡಿಂಚು ಉದ್ದ ಇದ್ದರೆ ಒಂದೇ ಬದಿಯಿಂದ ಕೊಯ್ತ ಮುಗಿಯುತ್ತದೆ. ವರ್ಷಕ್ಕೊಮ್ಮೆ ಸಿಗುವ ದಪ್ಪ ಬೊಡ್ಡೆಯನ್ನು ಎರಡೂ ಬದಿಯಿಂದ ಕೊಯ್ದರಾಯಿತು.

22 ಇಂಚಿನ ಬಾರ್ ನೋಡಲು ಗಟ್ಟಿಗನಂತೆ ಕಾಣುತ್ತದೆ. ಆದರೆ ಉದ್ದ ಹೆಚ್ಚಿದಷ್ಟೂ ಅರ ಹಾಕಬೇಕಾದ ಹಲ್ಲು ಹೆಚ್ಚು, ಇಂಜಿನ್ನಿನ ಬಲ ಹಂಚಿಹೋಗುತ್ತದೆ, ಬಾರಿನ ತುದಿ ನಿಮ್ಮ ಕಣ್ಣಿಗೆ ಕಾಣದ ಕಡೆ ಹೋಗಿ ನೆಲಕ್ಕೋ ಪಕ್ಕದ ದಿಮ್ಮಿಗೋ ತಾಗುತ್ತದೆ. ಸೌದೆಯ ಕೆಲಸದಲ್ಲಿ ಚೈನು ಹಾಳಾಗುವುದೂ ಆಳಿಗೆ ಪೆಟ್ಟಾಗುವುದೂ ಹೆಚ್ಚಾಗಿ ಹೀಗೆಯೇ.

ಮರದ ಜಾತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಸಿ ಅಕೇಶಿಯಾ ಬೆಣ್ಣೆಯಂತೆ ಕೊಯ್ಯಬಹುದು, ಅದೇ ಎರಡು ಬೇಸಿಗೆ ಒಣಗಿದರೆ ಚೈನಿಗೆ ಕಷ್ಟ. ಒಣಗಿದ ತೆಂಗು, ಅಡಿಕೆ ಮರಗಳಂತೂ ಅರ್ಧ ಗಂಟೆಯಲ್ಲಿ ಹಲ್ಲನ್ನು ಮೊಂಡು ಮಾಡಿಬಿಡುತ್ತವೆ. ಅವುಗಳ ನಾರಿನಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದೇ ಕಾರಣ. ಸೌದೆ ಮರವನ್ನು ಹಸಿಯಿದ್ದಾಗಲೇ ತುಂಡು ಮಾಡಿ ಒಣಗಿಸುವುದು ಮಿಷನ್ನಿಗೂ ಒಳ್ಳೆಯದು, ಒಲೆಗೂ ಒಳ್ಳೆಯದು.

ಕೊಳ್ಳಲೇಬೇಕೇ?

ವರ್ಷಕ್ಕೆ ಎರಡು ದಿನದ ಕೆಲಸವಾದರೆ ಕೊಳ್ಳಬೇಡಿ. ಮಿಷನ್ ಇಟ್ಟುಕೊಂಡು ಬಾಡಿಗೆಗೆ ಕೊಯ್ದುಕೊಡುವವರು ಈಗ ಪ್ರತಿ ಊರಲ್ಲೂ ಇದ್ದಾರೆ. ಅವರನ್ನು ಕರೆಸಿ, ದಿಮ್ಮಿಗಳನ್ನೆಲ್ಲ ಒಂದೇ ಕಡೆ ಎಳೆಸಿಟ್ಟು, ಒಂದು ದಿನದಲ್ಲಿ ಮುಗಿಸಿಕೊಳ್ಳಿ. ಹನ್ನೊಂದು ತಿಂಗಳು ಮೂಲೆಯಲ್ಲಿ ಕೂರುವ ಪೆಟ್ರೋಲ್ ಮಿಷನ್ನು ದಿನಾ ಓಡುವುದಕ್ಕಿಂತ ಬೇಗ ಕೆಡುತ್ತದೆ. ದೊಡ್ಡ ಮರ ಕೆಡವುವುದಕ್ಕಂತೂ ಪಳಗಿದವರೇ ಬೇಕು. ನಾನು ಇಲ್ಲಿ ಹೇಳುತ್ತಿರುವುದು ಬಿದ್ದ ಮರವನ್ನು, ಕಡಿದಿಟ್ಟ ಕೊಂಬೆಯನ್ನು ಸೌದೆ ಮಾಡುವ ಮಾತು ಮಾತ್ರ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜಾಗ ನಮ್ಮದೇ ಆದರೂ ಮರ ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಸಿಲ್ವರ್, ಗಾಳಿಮರ, ನೀಲಗಿರಿಯಂಥವಕ್ಕೆ ವಿನಾಯಿತಿ ಇದೆ. ತೇಗ, ಬೀಟೆ, ಹೊನ್ನೆಯ ಬುಡಕ್ಕೆ ಕೈ ಹಾಕುವ ಮೊದಲು ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಳ್ಳಿ.

ಅಗ್ಗದ 58 ಸಿಸಿಯೋ, ಹೆಸರಿನ 30 ಸಿಸಿಯೋ?

ನನ್ನ ಮೊದಲ ಮಿಷನ್ನು ಆನ್‌ಲೈನಿನಲ್ಲಿ ತರಿಸಿದ 58 ಸಿಸಿಯದು. ಮೊದಲ ಎರಡು ತಿಂಗಳು ಸಂತೋಷವಾಗಿಯೇ ಓಡಿತು. ಮೂರನೇ ತಿಂಗಳಲ್ಲಿ ಒಂದು ಮತ್ತಿ ದಿಮ್ಮಿ ಕೊಯ್ಯುತ್ತಿದ್ದಾಗ ಸುಟ್ಟ ವಾಸನೆ ಬಂತು. ನಿಲ್ಲಿಸಿ ನೋಡಿದರೆ ಬಾರಿನ ತುದಿ ನೀಲಿಗಟ್ಟಿತ್ತು. ಚೈನಿಗೆ ಎಣ್ಣೆ ಹಾಕುವ ಪಂಪಿನ ಪ್ಲಾಸ್ಟಿಕ್ ಗೇರು ಸವೆದು ಎಣ್ಣೆ ಬರುವುದೇ ನಿಂತಿತ್ತು. ಮಾರಿದವರು ಕೊರಿಯರ್ ಮಾಡಿ ಎಂದರು, ಕೊರಿಯರ್ ಮಾಡಿದ್ದು ಒಂದೂವರೆ ತಿಂಗಳಾದರೂ ವಾಪಸ್ ಬರಲಿಲ್ಲ. ಅಷ್ಟರಲ್ಲಿ ಮಳೆ ಹಿಡಿದು, ಆ ವರ್ಷ ಅರ್ಧ ಸೌದೆ ಹೊರಗೇ ನೆನೆಯಿತು. ಹಸಿ ಸೌದೆಯ ಹೊಗೆಯಲ್ಲಿ ಅಮ್ಮ ಇಡೀ ಮಳೆಗಾಲ ಬಚ್ಚಲೊಲೆ ಊದಿದ್ದನ್ನು ನಾನು ಮರೆತಿಲ್ಲ.

ಇಂಥ ಮಿಷನ್ನುಗಳೆಲ್ಲ ಕೆಟ್ಟವು ಎಂದು ಹೇಳಿದರೆ ತಪ್ಪಾಗುತ್ತದೆ. ಬಿಡಿಭಾಗ ಅಗ್ಗ, ಹಾರ್ಡ್‌ವೇರ್ ಅಂಗಡಿಗಳಲ್ಲೇ ಸಿಗುತ್ತದೆ, ಸ್ವಲ್ಪ ಕೈಗೆಲಸ ಬಲ್ಲವರು ಬಿಚ್ಚಿ ಜೋಡಿಸಿಕೊಂಡು ವರ್ಷಗಟ್ಟಲೆ ಓಡಿಸುತ್ತಾರೆ. ನೀವು ಅಂಥವರಾದರೆ ತೆಗೆದುಕೊಳ್ಳಿ. ಆದರೆ ಅದರ ಮೇಲೆ ಬರೆದ ಸಿಸಿಗೆ ಮರುಳಾಗಬೇಡಿ. ಹೆಸರಿಗೆ 58 ಅಂದರೂ ಒಳಗಿನ ಸಿಲಿಂಡರ್ ಅಷ್ಟಿಲ್ಲದವೂ ಇವೆ. ಹೋಲಿಸಬೇಕಾದ್ದು ಕಿಲೋವ್ಯಾಟ್ ಮತ್ತು ತೂಕ. ಸ್ಟಿಲ್ ಕಂಪನಿಯ ಎಂಎಸ್ 250 ಮಾದರಿ 45.4 ಸಿಸಿಯದು, ಶಕ್ತಿ 2.3 ಕಿಲೋವ್ಯಾಟ್, ಬಾರ್ ಚೈನ್ ಇಲ್ಲದೆ ತೂಕ 4.6 ಕೆಜಿ. ಅನೇಕ 58 ಸಿಸಿ ಮಿಷನ್ನುಗಳ ಡಬ್ಬಿಯ ಮೇಲೆ ಬರೆದಿರುವ ಶಕ್ತಿಯೂ ಸರಿಸುಮಾರು ಅಷ್ಟೇ, ತೂಕ ಮಾತ್ರ ಹೆಚ್ಚು. ಅದೇ ಕಂಪನಿಯ ಎಂಎಸ್ 180 31.8 ಸಿಸಿಯದು, 3.9 ಕೆಜಿ. ಹತ್ತಿಂಚಿನ ಸೌದೆಗೆ ಅದು ಸಾಕು. ಸಂಜೆಯ ಹೊತ್ತಿಗೆ ಸೊಂಟಕ್ಕೆ ಆ ತೂಕದ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಸ್ಟಿಲ್ ತಗೊಳ್ಳಲೋ ಹಸ್ಕ್‌ವರ್ನಾ ತಗೊಳ್ಳಲೋ ಎಂದು ಕೇಳುವವರಿಗೆ ನನ್ನ ಉತ್ತರ: ನಿಮ್ಮ ಪೇಟೆಯಲ್ಲಿ ಯಾವುದರ ಮೆಕ್ಯಾನಿಕ್ ಇದ್ದಾನೋ ಅದು. ಎರಡರ ಗುಣದಲ್ಲಿ ಸೌದೆ ಕೊಯ್ಯುವವನಿಗೆ ಗೊತ್ತಾಗುವಷ್ಟು ವ್ಯತ್ಯಾಸವಿಲ್ಲ. ಅಂಗಡಿಯಲ್ಲಿ ಕೈಗೆ ತೆಗೆದುಕೊಂಡಾಗ ಒಂದನ್ನು ಮಾತ್ರ ಬಿಡದೆ ಪರೀಕ್ಷಿಸಿ. ಮುಂದಿನ ಹಿಡಿಯ ಎದುರಿಗಿರುವ ಚೈನ್ ಬ್ರೇಕನ್ನು ಮುಂದಕ್ಕೆ ತಳ್ಳಿ, ಕಟಕ್ ಎಂದು ಕೂರಬೇಕು, ಓಡುವ ಚೈನು ಕಣ್ಣು ಮಿಟುಕಿಸುವುದರೊಳಗೆ ನಿಲ್ಲಬೇಕು. ಇದು ಸರಿಯಿಲ್ಲದ ಮಿಷನ್ನನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ಕರೆಂಟಿನದು, ಬ್ಯಾಟರಿಯದು

ವೈರಿನಿಂದ ಓಡುವ ಮಿಷನ್ನನ್ನು ನಮ್ಮ ಜನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಅದು ನನಗೆ ಬೇಸರದ ವಿಷಯ. ದಿಮ್ಮಿಗಳನ್ನು ಮನೆಯ ಹತ್ತಿರ ತಂದು ಹಾಕಿಕೊಳ್ಳುವ ಅನುಕೂಲ ಇರುವವರಿಗೆ 2000 ವ್ಯಾಟಿನ, 16 ಇಂಚಿನ ಕರೆಂಟ್ ಮಿಷನ್ನಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಹಗ್ಗ ಎಳೆಯುವ ಕಷ್ಟವಿಲ್ಲ, ಹೊಗೆಯಿಲ್ಲ, ಕಾರ್ಬೊರೇಟರ್ ಇಲ್ಲ, ತಿಂಗಳುಗಟ್ಟಲೆ ಮೂಲೆಯಲ್ಲಿದ್ದರೂ ಗುಂಡಿ ಒತ್ತಿದರೆ ಓಡುತ್ತದೆ. ಬೇಕಾದ್ದು ಮೂರು: 2.5 ಚದರ ಮಿ.ಮೀ.ನ ಒಳ್ಳೆಯ ತಾಮ್ರದ ವೈರು, ಶಾಕ್ ಹೊಡೆದರೂ ಪ್ರಾಣಕ್ಕೆ ಅಪಾಯವಾಗುವ ಮೊದಲೇ ಕರೆಂಟ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಮತ್ತು ಸರಿಯಾದ ವೋಲ್ಟೇಜು. ಸಂಜೆ ಲೈಟು ಮಂಕಾಗುವ ಊರಲ್ಲಿ ಬೆಳಿಗ್ಗೆಯೇ ಕೆಲಸ ಮುಗಿಸಿ, ಕಡಿಮೆ ವೋಲ್ಟೇಜಿನಲ್ಲಿ ಒತ್ತಿ ಕೊಯ್ದರೆ ಮೋಟರ್ ಸುಡುತ್ತದೆ. ಒದ್ದೆ ನೆಲದಲ್ಲಿ, ಮಳೆಯಲ್ಲಿ ಬೇಡವೇ ಬೇಡ.

ಬ್ಯಾಟರಿಯದಕ್ಕೆ ಒಂದು ಸರಳ ಲೆಕ್ಕ ಇದೆ. 36 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 180 ವ್ಯಾಟ್-ಅವರ್. 1800 ವ್ಯಾಟಿನ ಕರೆಂಟ್ ಮಿಷನ್ ಮಾಡುವಷ್ಟೇ ಕೆಲಸವನ್ನು ಅದರಿಂದ ಮಾಡಿಸಿದರೆ ಪೂರ್ತಿ ಬಲದ ಕೊಯ್ತ ಸಿಗುವುದು ಆರು ನಿಮಿಷ. ಸಣ್ಣ ಕೊಂಬೆಗಳನ್ನು ಬಿಟ್ಟು ಬಿಟ್ಟು ಕೊಯ್ದರೆ ಇನ್ನಷ್ಟು ಹೊತ್ತು ಬರುತ್ತದೆ. ನಾಲ್ಕು ಕೊಂಬೆ ತುಂಡು ಮಾಡಲು ಚೆನ್ನ, ವರ್ಷದ ಸೌದೆಗೆ ಎರಡು ಮೂರು ಬ್ಯಾಟರಿ ಕೊಂಡರೂ ಸಾಲದು. ಇನ್ನು 4 ಅಥವಾ 6 ಇಂಚಿನ ಪುಟ್ಟ ಮಿಷನ್ನುಗಳ ಮೇಲೆ 48, 88 ಎಂದೆಲ್ಲ ಅಂಕಿ ಬರೆದಿರುತ್ತಾರೆ. ಒಳಗೆ ಐದು ಸೆಲ್ ಇದ್ದರೆ ಅದು 18 ವೋಲ್ಟಿನ ಬ್ಯಾಟರಿಯೇ. ಕಾಫಿ ಗಿಡದ ಚಿಗುರು, ಬೇಲಿಯ ಗಿಡ ಸವರಲು ಇಟ್ಟುಕೊಳ್ಳಿ, ಸೌದೆಗೆ ಅಲ್ಲ. ಒಂದೇ ಕೈಯಲ್ಲಿ ಹಿಡಿಯುವಂತೆ ಮಾಡಿರುವುದರಿಂದ ಇನ್ನೊಂದು ಕೈ ಕೊಂಬೆ ಹಿಡಿಯಲು ತಾನಾಗಿ ಮುಂದೆ ಹೋಗುತ್ತದೆ, ಅದೇ ಅದರ ಅಪಾಯ.

ಚೈನಿನ ಹಲ್ಲು

1946ರಲ್ಲಿ ಅಮೆರಿಕದ ಒರೆಗಾನಿನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರದ ಕೆಲಸಗಾರ ಸೌದೆ ಒಡೆಯುತ್ತಿದ್ದಾಗ ಬೊಡ್ಡೆಯೊಳಗೆ ಮರ ಕೊರೆಯುವ ದುಂಬಿಯ ಮರಿಹುಳು ಕಂಡಿತು. ಅದರ ಬಾಗಿದ ದವಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮರವನ್ನು ಕೆತ್ತುತ್ತ ಒಳಗೆ ಹೋಗುವುದನ್ನು ನೋಡಿ ಅದೇ ಆಕಾರದ ಉಕ್ಕಿನ ಹಲ್ಲು ಮಾಡಿದ. ಮರುವರ್ಷ ಆ ಚೈನು ಮಾರಾಟಕ್ಕೆ ಬಂತು. ಇವತ್ತು ನಿಮ್ಮ ಮಿಷನ್ನಿನಲ್ಲಿರುವುದು ಆ ಹುಳುವಿನ ದವಡೆಯೇ: ಒಂದು ಹಲ್ಲು ಎಡಕ್ಕೆ ಬಾಗಿದ್ದರೆ ಮುಂದಿನದು ಬಲಕ್ಕೆ. ಅಂದರೆ ಅದು ಗರಗಸದಂತೆ ಉಜ್ಜುವುದಿಲ್ಲ, ಉಳಿಯಂತೆ ಕೆತ್ತುತ್ತದೆ. ಅದಕ್ಕೇ ಉಳಿಗೆ ಸಾಣೆ ಹಿಡಿಯುವ ಬಡಗಿಯ ಶ್ರದ್ಧೆಯೇ ಇದಕ್ಕೂ ಬೇಕು.

ಹರಿತ ಇದೆಯೋ ಇಲ್ಲವೋ ಎಂದು ತಿಳಿಯಲು ಕೆಳಗೆ ಬಿದ್ದ ಹೊಟ್ಟು ನೋಡಿದರೆ ಸಾಕು. ಅವಲಕ್ಕಿಯಂತೆ ಬಿದ್ದಿದ್ದರೆ ಹಲ್ಲು ಸರಿಯಿದೆ. ಹಿಟ್ಟಿನಂತೆ ಬೀಳುತ್ತಿದ್ದರೆ ಆ ಕ್ಷಣವೇ ನಿಲ್ಲಿಸಿ. ಮಿಷನ್ನನ್ನು ಒತ್ತಿದರೆ ಮಾತ್ರ ಕೊಯ್ಯುತ್ತದೆ ಅನ್ನಿಸಿದರೂ ಅದೇ ಮಾತು. ನಮ್ಮ ಪೇಟೆಯ ಮೆಕ್ಯಾನಿಕ್ ಹತ್ತಿರ ಒಮ್ಮೆ ಇಂಜಿನ್ನಿಗೆ ಬಲವಿಲ್ಲ ಎಂದು ಮಿಷನ್ ಹೊತ್ತುಕೊಂಡು ಹೋಗಿದ್ದೆ. ಆತ ಇಂಜಿನ್ ಮುಟ್ಟಲೇ ಇಲ್ಲ, ಚೈನಿನ ಮೇಲೆ ಬೆರಳಾಡಿಸಿ, "ಇಂಜಿನ್ನಿಗೆ ಏನೂ ಆಗಿಲ್ಲ ಗೌಡ್ರೆ, ಹಲ್ಲು ಮೊಂಡಾಗಿದೆ" ಎಂದು ಅರ ತೆಗೆದ. ಹದಿನೈದು ನಿಮಿಷದ ಕೆಲಸ. ಅವತ್ತು ಅವನ ಪಕ್ಕ ಕೂತು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗುಂಡು ಅರ ಬೇಕು, ಅದರ ದಪ್ಪ ಚೈನಿನ ಅಳತೆಗೆ ಸರಿಹೊಂದಬೇಕು. ಸಣ್ಣ ಮಿಷನ್ನುಗಳ 3/8 ಇಂಚಿನ ಲೋ ಪ್ರೊಫೈಲ್ ಚೈನಿಗೆ 4 ಮಿ.ಮೀ., .325 ಇಂಚಿನ ಚೈನಿಗೆ 4.8 ಮಿ.ಮೀ., ದೊಡ್ಡ ಮಿಷನ್ನುಗಳ ಪೂರ್ತಿ 3/8ಕ್ಕೆ ಕಂಪನಿ ಹೇಳಿದಂತೆ 5.2 ಅಥವಾ 5.5. ಚೈನಿನ ಅಳತೆಯ ಅಂಕಿ ಸಾಮಾನ್ಯವಾಗಿ ಬಾರಿನ ಬುಡದಲ್ಲೇ ಕೊರೆದಿರುತ್ತದೆ.

ಬಾರನ್ನು ವೈಸಿಗೆ ಸಿಕ್ಕಿಸಿ, ಇಲ್ಲದಿದ್ದರೆ ಒಂದು ಬೊಡ್ಡೆಯಲ್ಲಿ ಗೀರು ಕೊಯ್ದು ಅದರಲ್ಲಿ ಕೂರಿಸಿ. ಕೈಗೆ ಕವಚ ಹಾಕಿಕೊಂಡು, ಶುರುವಿನ ಹಲ್ಲಿಗೆ ಸುಣ್ಣದ ಬೊಟ್ಟು ಇಡಿ. ಹಲ್ಲಿನ ಮೇಲ್ಭಾಗದ ಹಿಂಬದಿಯಲ್ಲಿ ಓರೆಯಾಗಿ ಒಂದು ಗೆರೆ ಇರುತ್ತದೆ, ಹೆಚ್ಚಿನವುಗಳಲ್ಲಿ ಅದು 30 ಡಿಗ್ರಿ. ಆ ಗೆರೆಗೆ ಸಮನಾಗಿ, ಅರದ ಐದನೇ ಒಂದು ಭಾಗ ಹಲ್ಲಿನ ನೆತ್ತಿಗಿಂತ ಮೇಲಿರುವಂತೆ ಹಿಡಿದು, ಒಳಗಿನಿಂದ ಹೊರಕ್ಕೆ ತಳ್ಳಿ. ತಳ್ಳುವಾಗ ಮಾತ್ರ ಒತ್ತು, ಹಿಂದಕ್ಕೆ ತರುವಾಗ ಎತ್ತಿಕೊಳ್ಳಬೇಕು. ಮೂರು ತಳ್ಳು ತಳ್ಳುವಷ್ಟರಲ್ಲಿ ಅಂಚಿನಲ್ಲಿ ಹೊಳೆಯುತ್ತಿದ್ದ ಬಿಳಿ ಗೆರೆ ಮಾಯವಾಗುತ್ತದೆ. ಆ ಬಿಳಿ ಹೊಳಪೇ ಮೊಂಡುತನ. ಒಂದು ಬದಿಯ ಹಲ್ಲುಗಳೆಲ್ಲ ಮುಗಿದ ಮೇಲೆ ತಿರುಗಿ ಕೂತು ಇನ್ನೊಂದು ಬದಿಯವು, ಅಷ್ಟೇ ಸಲ. ಒಂದು ಬದಿಗೆ ಹೆಚ್ಚು ತಿಕ್ಕಿದರೆ ಕೊಯ್ತ ನೇರ ಇಳಿಯದೆ ಕುಡುಗೋಲಿನಂತೆ ಬಾಗುತ್ತದೆ.

ಪ್ರತಿ ಹಲ್ಲಿನ ಮುಂದೆ ಒಂದು ಗಿಡ್ಡ ಗುಬುಟು ಇದೆಯಲ್ಲ, ಅಂಗಡಿಯವರು ರೇಕರ್ ಅನ್ನುತ್ತಾರೆ. ಹಲ್ಲು ಮರಕ್ಕೆ ಎಷ್ಟು ಆಳ ಕಚ್ಚಬೇಕೆಂದು ನಿರ್ಧರಿಸುವುದು ಅದೇ. ಹಲ್ಲಿಗಿಂತ 0.65 ಮಿ.ಮೀ. ತಗ್ಗಿನಲ್ಲಿರಬೇಕು. ಅರ ಹಾಕಿದಂತೆ ಹಲ್ಲು ತಗ್ಗುತ್ತದೆ, ಗುಬುಟು ಹಾಗೇ ಉಳಿಯುತ್ತದೆ. ಆಗ ಎಷ್ಟೇ ಹರಿತ ಮಾಡಿದರೂ ಚೈನು ಮರದ ಮೇಲೆ ಜಾರುತ್ತದೆ. ನಾಲ್ಕೈದು ಸಲಕ್ಕೊಮ್ಮೆ ಅಳತೆಪಟ್ಟಿ ಇಟ್ಟು ಚಪ್ಪಟೆ ಅರದಿಂದ ಅದನ್ನೂ ತಗ್ಗಿಸಿ. ಬೇಗ ಕೊಯ್ಯಲಿ ಎಂದು ಹೆಚ್ಚು ತಗ್ಗಿಸಿದರೆ ಮಿಷನ್ ಎಗರುತ್ತದೆ. ಹಲ್ಲಿನ ಉದ್ದ 4 ಮಿ.ಮೀ.ಗೆ ಬಂದ ಮೇಲೆ ಆ ಚೈನಿನ ಆಯಸ್ಸು ಮುಗಿಯಿತು.

ಹರಿತ ಉಳಿಸುವ ಉಪಾಯ ಚೈನನ್ನು ನೆಲದಿಂದ ದೂರ ಇಡುವುದು. ದಿಮ್ಮಿ ಇಟ್ಟು ಕೊಯ್ಯಲು ಗೇಣುದ್ದದ ಗೂಟಗಳನ್ನು ಕತ್ತರಿಯಂತೆ ಜೋಡಿಸಿ ಒಂದು ಕತ್ತರಿಗಾಲು ಮಾಡಿಕೊಂಡರೆ ಆಗಲಿಲ್ಲ, ಅದು ಮೊಣಕಾಲಿಗಿಂತ ಎತ್ತರ ಇರಬೇಕು, ಆಗ ಬೆನ್ನೂ ಬಗ್ಗುವುದಿಲ್ಲ. ನಮ್ಮ ಜಂಬಿಟ್ಟಿಗೆ ಮಣ್ಣಿಗೆ ಚೈನು ಒಂದು ಕ್ಷಣ ತಾಗಿದರೆ ಬೆಳಗಿನ ಅರ್ಧ ಗಂಟೆಯ ಅರ ಹೊಳೆಗೆ ಹೋದಂತೆ.

ಎಣ್ಣೆ, ಪೆಟ್ರೋಲು

ಚೈನ್ ಎಣ್ಣೆಯ ಟ್ಯಾಂಕಿಗೆ ಬೈಕಿನಿಂದ ಇಳಿಸಿದ ಕರಿ ಎಣ್ಣೆ ಹಾಕುವುದು ನಮ್ಮ ಕಡೆ ರೂಢಿ. ದಯವಿಟ್ಟು ಬಿಡಿ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಪಂಪನ್ನೂ ಬಾರನ್ನೂ ತಿನ್ನುತ್ತದೆ, ಕೊಯ್ಯುವಾಗ ಸಿಡಿದು ಮೈಗೆ ಕೂರುತ್ತದೆ, ಚರ್ಮಕ್ಕೆ ಅದು ವಿಷ. ಚೈನ್ ಆಯಿಲ್ ಸಿಗದಿದ್ದರೆ ಹೊಸ ಇಂಜಿನ್ ಆಯಿಲ್ ಆದೀತು. ಎಣ್ಣೆ ಬರುತ್ತಿದೆಯೇ ಎಂದು ನೋಡಲು ಒಣ ಅಡಿಕೆ ಹಾಳೆಯ ಒಳಮೈಗೆ ಬಾರಿನ ತುದಿ ತೋರಿಸಿ, ಗೇಣು ದೂರದಿಂದ ಒಮ್ಮೆ ರೇಸ್ ಮಾಡಿ. ಹಾಳೆಯ ಮೇಲೆ ಎಣ್ಣೆಯ ಗೆರೆ ಮೂಡಬೇಕು. ನನ್ನ ಮೊದಲ ಮಿಷನ್ನಿಗೆ ಇದೊಂದು ಪರೀಕ್ಷೆ ದಿನಾ ಮಾಡಿದ್ದರೆ ಬಾರ್ ಉಳಿಯುತ್ತಿತ್ತು.

ಪೆಟ್ರೋಲಿಗೆ 2ಟಿ ಆಯಿಲ್ (ಟೂ-ಸ್ಟ್ರೋಕ್ ಇಂಜಿನ್ನಿನ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಅಳತೆ ಮಾಡಿಯೇ ಹಾಕಿ. 50ಕ್ಕೆ 1 ಎಂದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಎಂದರೆ 40 ಮಿ.ಲೀ. ಕಂಪನಿಯ ಎಣ್ಣೆಗೆ ಮೊದಲನೆಯದು, ಬೇರೆ ಎಣ್ಣೆಗೆ ಎರಡನೆಯದು ಎಂದು ಅನೇಕ ಕೈಪಿಡಿಗಳಲ್ಲಿ ಬರೆದಿರುತ್ತದೆ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಹಿಡಿದು ಅರ್ಧ ಮಿಷನ್ನಿನ ಖರ್ಚು ಬರುತ್ತದೆ.

ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ಗಾಳಿಯ ತೇವ ಹೀರುತ್ತದೆ, ರಬ್ಬರ್ ಪೈಪನ್ನೂ ಕಾರ್ಬೊರೇಟರಿನ ಪರದೆಯನ್ನೂ ಕೆಡಿಸುತ್ತದೆ. ಕೆಲವು ಮಿಷನ್ನುಗಳಿಗೆ ಶೇಕಡಾ 10ರ ಮಿತಿ ಇದೆ, ಕೊಳ್ಳುವಾಗಲೇ ಕೈಪಿಡಿ ತೆಗೆದು ಇದನ್ನು ಓದಿಸಿಕೊಳ್ಳಿ. ಬೆರೆಸಿದ ಪೆಟ್ರೋಲನ್ನು ವಾರಕ್ಕೆ ಬೇಕಾದಷ್ಟೇ ಮಾಡಿ. ಒಂದು ಮಳೆಗಾಲ ಟ್ಯಾಂಕ್ ಖಾಲಿ ಮಾಡದೆ ಅಟ್ಟಕ್ಕೆ ಹಾಕಿದ್ದೆ, ದೀಪಾವಳಿಗೆ ಇಳಿಸಿದಾಗ ಪೈಪು ಮೆತ್ತಗೆ ಗಂಜಿಯಾಗಿತ್ತು. ಈಗ ಜೇಷ್ಠದಲ್ಲಿ ಕೊನೆಯ ಕೊಯ್ತ ಆದಮೇಲೆ ಟ್ಯಾಂಕ್ ಬಸಿದು, ತಾನಾಗಿ ನಿಲ್ಲುವ ತನಕ ಓಡಿಸಿ, ಚೈನು ಬಿಚ್ಚಿ ಎಣ್ಣೆಯಲ್ಲಿ ಅದ್ದಿ ಇಡುತ್ತೇನೆ.

ದಿನದ ಆರೈಕೆಗೆ ಹತ್ತು ನಿಮಿಷ ಸಾಕು. ಏರ್ ಫಿಲ್ಟರ್ ತೆಗೆದು ಕೊಡವಿ, ಬಾರಿನ ಅಂಚಿನ ಸೀಳಿನಲ್ಲಿ ಕೂತ ಹೊಟ್ಟನ್ನು ಕಡ್ಡಿಯಿಂದ ಕೆರೆದು, ಎಣ್ಣೆಯ ತೂತು ಬಿಡಿಸಿ. ಹೊಸ ಚೈನು ಹಾಕಿದಾಗೆಲ್ಲ ಬಾರನ್ನು ಮೇಲೆ ಕೆಳಗೆ ಮಾಡಿದರೆ ಎರಡೂ ಅಂಚು ಸಮ ಸವೆಯುತ್ತವೆ. ಚೈನು ಬಾರಿಗೆ ಅಂಟಿಕೊಂಡಿರಬೇಕು, ಆದರೂ ಕೈಯಿಂದ ಎಳೆದರೆ ಓಡಬೇಕು. ಬಿಸಿಯಿದ್ದಾಗ ಬಿಗಿ ಮಾಡಿದ್ದನ್ನು ಕೆಲಸ ಮುಗಿದ ಮೇಲೆ ಸಡಿಲಿಸಿ, ತಣಿದಾಗ ಕುಗ್ಗುತ್ತದೆ. ಪ್ಲಗ್ಗಿನ ಸಂದು 0.5 ಮಿ.ಮೀ.

ಓಡಿಸುವವರಿಗೆ ಎರಡು ಮಾತು. ಬಾರಿನ ತುದಿಯ ಮೇಲಿನ ಅರ್ಧ ಯಾವುದಕ್ಕೂ ತಾಗಬಾರದು, ತಾಗಿದರೆ ಮಿಷನ್ ಮುಖಕ್ಕೇ ಎಗರುತ್ತದೆ. ಎಡಗೈ ಹೆಬ್ಬೆರಳು ಮುಂದಿನ ಹಿಡಿಯನ್ನು ಸುತ್ತಿಕೊಂಡೇ ಇರಲಿ, ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯಬೇಡಿ. ಬೂಟು, ಕನ್ನಡಕ, ಕಿವಿಗೆ ಮಫ್ ಇಲ್ಲದೆ ಶುರು ಮಾಡಬೇಡಿ. ಪೆಟ್ರೋಲ್ ಮಿಷನ್ನಿನ ಸದ್ದು 100 ಡೆಸಿಬಲ್ ದಾಟುತ್ತದೆ, ವರ್ಷಾನುಗಟ್ಟಲೆ ಬರಿಗಿವಿಯಲ್ಲಿ ಕೊಯ್ದವರು ಐವತ್ತಕ್ಕೇ ಕಿವುಡರಾದದ್ದನ್ನು ಕಂಡಿದ್ದೇನೆ.

ತಂಗಿಯ ಗಂಡ ಮೊನ್ನೆ ಮತ್ತೆ ಫೋನ್ ಮಾಡಿದರು. ರಾಶಿ ಅಳೆದರಂತೆ, ಒಂಬತ್ತು ಇಂಚು ದಾಟಿದವು ಏಳೇ ದಿಮ್ಮಿ. ಕೊಟ್ಟಿಗೆ ಮನೆಗೆ ತಾಗಿಕೊಂಡೇ ಇದೆ. ಕರೆಂಟಿನದನ್ನೇ ತಂದಿದ್ದಾರೆ. "ಭಾವ, ಅರ ಯಾವುದು ತರ್ಲಿ?" ಎಂದರು. ಬಾರಿನ ಬುಡದ ಅಂಕಿ ಓದಿ ಎಂದೆ. 3/8 ಲೋ ಪ್ರೊಫೈಲ್ ಎಂದು ಓದಿದರು. ನಾಲ್ಕು ಮಿಲಿಮೀಟರಿನ ಗುಂಡು ಅರ ಎರಡು ತನ್ನಿ ಎಂದೆ. ಭಾನುವಾರ ಹೋಗಿ ಪಕ್ಕದಲ್ಲಿ ಕೂತು ಮೊದಲ ಸಲ ಹಾಕಿಸಿ ಬರುತ್ತೇನೆ.